ಅಡುಗೆಮನೆಯ ಅಳತೆ ಯಾರದು?

ನಮ್ಮ ಅಡುಗೆಮನೆಯಲ್ಲಿ ಒಂದು ಮಣೆ ಇತ್ತು. ಹಲಸಿನ ಮರದ್ದು. 4 ಇಂಚು ಎತ್ತರ, ಒಂದೂವರೆ ಅಡಿ ಉದ್ದ. ಒಲೆಕಟ್ಟೆಯ ಮುಂದೆ ಅದು ಸದಾ ಬಿದ್ದಿರುತ್ತಿತ್ತು. ನೀರು ಕುಡಿಯಲು ಒಳಗೆ ಹೋದಾಗಲೆಲ್ಲ ಎಡವುತ್ತಿದ್ದೆ. "ಇದನ್ನ ಇಲ್ಲೇ ಯಾಕೆ ಇಡ್ತೀಯ?" ಎಂದು ಗೊಣಗಿ ಕಾಲಿನಿಂದಲೇ ಪಕ್ಕಕ್ಕೆ ಸರಿಸುತ್ತಿದ್ದೆ. ಅದು ಅಲ್ಲೇ ಯಾಕಿದೆ ಎಂದು ತಿಳಿಯಲು ನನಗೆ 36 ವರ್ಷ ಬೇಕಾಯಿತು.

2024ರ ಫೆಬ್ರವರಿಯ ಒಂದು ರಾತ್ರಿ. ಚಾಮರಾಜನಗರದ ನಮ್ಮ ಕಡೆ ರಾಗಿಮುದ್ದೆಗೆ ಹಿಟ್ಟು ಎಂದೇ ಹೇಳುವುದು. ನನ್ನಾಕೆ ಒಲೆಯ ಮುಂದೆ ನಿಂತು ಹಿಟ್ಟು ತಿರುವುತ್ತಿದ್ದಳು. ಒಳಗಿಂದ ಧಡ್ ಎಂದು ಸದ್ದಾಯಿತು. ಓಡಿಹೋಗಿ ನೋಡಿದರೆ ಮಣೆ ಒಂದು ಕಡೆ, ಆಕೆ ಒಂದು ಕಡೆ. ಕುದಿಯುವ ಪಾತ್ರೆ ಮೈಮೇಲೆ ಬೀಳದೆ ಕಟ್ಟೆಯ ಮೇಲೇ ಉರುಳಿತ್ತು, ಅದೊಂದು ಪುಣ್ಯ. ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್.

ಆ ಆರು ವಾರ ಅಡುಗೆಮನೆ ನನ್ನ ಪಾಲಿಗೆ ಬಂತು. ಅನ್ನ, ಸಾರು ಹೇಗೋ ಕಲಿತೆ. ನಿಜ ಹೇಳಬೇಕೆಂದರೆ ಒಲೆಕಟ್ಟೆಯಿಂದ ನನಗೇನೂ ತೊಂದರೆ ಅನ್ನಿಸಲಿಲ್ಲ. ಕಟ್ಟೆ ಸರಿಯಾಗಿ ನನ್ನ ಸೊಂಟಕ್ಕೇ ಬರುತ್ತಿತ್ತು. ಇಷ್ಟು ಅನುಕೂಲವಾದ ಕಟ್ಟೆಯಲ್ಲಿ ಈಕೆ ಬಿದ್ದದ್ದಾದರೂ ಹೇಗೆ ಎಂದೇ ಯೋಚಿಸುತ್ತಿದ್ದೆ.

ಬೇಸಿಗೆ ರಜೆಗೆ ಮೈಸೂರಿನಿಂದ ಮೊಮ್ಮಗಳು ಬಂದಳು. ಆರನೆಯ ತರಗತಿಯ ಹುಡುಗಿ, ಪ್ರಶ್ನೆಗಳ ಮೂಟೆ. ಬಂದ ದಿನವೇ ಕೇಳಿದಳು: "ತಾತ, ಅಜ್ಜಿ ಯಾಕೆ ಮಣೆ ಮೇಲೆ ನಿಂತ್ಕೊಂಡು ಅಡುಗೆ ಮಾಡೋದು?"

ನಾನು ಹೆಂಡತಿಯ ಮುಖ ನೋಡಿದೆ. ಆಕೆ ಪ್ಲಾಸ್ಟರ್ ಬಿಚ್ಚಿದ ಕೈಯನ್ನು ಸವರಿಕೊಳ್ಳುತ್ತಾ, "ಕಟ್ಟೆ ಎಟುಕಲ್ಲ ಪುಟ್ಟಿ, ಅದಕ್ಕೆ" ಎಂದಳು. ನನ್ನನ್ನು ದೂರಲಿಲ್ಲ. ದೂರಿದ್ದರೆ ಸುಲಭವಾಗುತ್ತಿತ್ತು.

ತಪ್ಪು ನಮೂದು

ಈ ಮನೆ ಕಟ್ಟಿಸಿದ್ದು 1988ರಲ್ಲಿ, ಬ್ಯಾಂಕಿನ ಸಿಬ್ಬಂದಿಗೆ ಸಿಗುತ್ತಿದ್ದ ಗೃಹಸಾಲದಲ್ಲಿ. ಅಡುಗೆಮನೆ 8 ಅಡಿಗೆ 7 ಅಡಿ. ಅದರ ಮೂಡಣ ಪಕ್ಕಕ್ಕೆ 5 ಅಡಿಗೆ 7 ಅಡಿಯ ಉಗ್ರಾಣ. ಕಟ್ಟೆ ಕಟ್ಟುವ ದಿನ ಗಾರೆ ಮೇಸ್ತ್ರಿ, "ಎಷ್ಟು ಎತ್ರ ಇಡ್ಲಿ ಸಾ?" ಎಂದು ಕೇಳಿದ. ನಾನು ಗೋಡೆಗೆ ಒರಗಿ ನಿಂತು, ಸೊಂಟದ ಹತ್ತಿರ ಕೈಯಿಟ್ಟು, "ಇಲ್ಲಿಗೆ ಇರಲಿ" ಎಂದೆ. ಅವನು ಇದ್ದಿಲಿನಲ್ಲಿ ಗೆರೆ ಎಳೆದ. ಅದು 36 ಇಂಚು.

ನನ್ನ ಎತ್ತರ 5 ಅಡಿ 9 ಇಂಚು. ನನ್ನಾಕೆಯದು 4 ಅಡಿ 11 ಇಂಚು. ಆ ಕಟ್ಟೆಯ ಮುಂದೆ ದಿನವೂ ನಿಲ್ಲಬೇಕಾದವಳು ಆಗ ಹಿತ್ತಿಲಲ್ಲಿ ಕೂತು ಆಳುಗಳಿಗೆ ಕಾಫಿ ಬಸಿಯುತ್ತಿದ್ದಳು. ಅವಳನ್ನು ಕರೆಯಬೇಕೆಂದು ನನಗೂ ಹೊಳೆಯಲಿಲ್ಲ, ಮೇಸ್ತ್ರಿಗೂ ಹೊಳೆಯಲಿಲ್ಲ.

ಈಗ ಲೆಕ್ಕ ಹಾಕಿ. 36 ಇಂಚಿನ ಕಟ್ಟೆ, ಅದರ ಮೇಲೆ 5 ಇಂಚಿನ ಗ್ಯಾಸ್ ಒಲೆ, ಅದರ ಮೇಲೆ 8 ಇಂಚಿನ ಹಿಟ್ಟಿನ ಪಾತ್ರೆ. ಒಟ್ಟು 49 ಇಂಚು. ಪಾತ್ರೆಯ ಬಾಯಿ ಆಕೆಯ ಹೆಗಲಿಗಿಂತ ಮೇಲೆ. ಹಿಟ್ಟು ತಿರುವುವುದು ಹಾಲು ಕಲಕಿದಂತಲ್ಲ, ಕೋಲನ್ನು ಮೇಲಿಂದ ಒತ್ತಿ ಗಂಟು ಒಡೆಯಬೇಕು. ಹೆಗಲಿಗಿಂತ ಮೇಲಿರುವುದನ್ನು ಒತ್ತುವುದು ಹೇಗೆ? ಅದಕ್ಕೇ ಮಣೆ.

ಇದೇ ನಾನು ಬ್ಯಾಂಕಿನಲ್ಲಿ ಕೌಂಟರಿಗೂ ಕುರ್ಚಿಗೂ ಎತ್ತರ ಹೊಂದುತ್ತಿಲ್ಲ, ಬೆನ್ನು ನೋಯುತ್ತದೆ ಎಂದು ಸಹೋದ್ಯೋಗಿಗಳ ಜೊತೆ ಮನವಿಗೆ ಸಹಿ ಹಾಕಿದ್ದೆ. ಆರು ತಿಂಗಳಲ್ಲಿ ಹೊಸ ಕುರ್ಚಿ ಬಂದವು. ಮನೆಯಲ್ಲಿ ಮನವಿ ಕೊಡಲು ಆಕೆಗೆ ಸಂಘವೂ ಇರಲಿಲ್ಲ, ಮ್ಯಾನೇಜರೂ ಇರಲಿಲ್ಲ. ಲೆಡ್ಜರಿನಲ್ಲಿ ತಪ್ಪು ನಮೂದು ಕಂಡರೆ ಅದೇ ದಿನ ಸರಿಪಡಿಸಬೇಕು ಎಂಬುದು ನಮ್ಮ ನಿಯಮ. ನಾನು ತಡಮಾಡಿದ್ದು 36 ವರ್ಷ. ಇನ್ನೊಂದು ದಿನವೂ ಬೇಡ, ಅಡುಗೆಮನೆಯನ್ನು ನಾನೇ ಒಡೆದು ಕಟ್ಟುತ್ತೇನೆ ಎಂದು ತೀರ್ಮಾನಿಸಿದೆ.

ಮೊದಲ ನಕ್ಷೆ, ಮೊದಲ ಪೆಟ್ಟು

ಹಳೇ ಲೆಡ್ಜರ್ ಹಾಳೆಯ ಮೇಲೆ ಸ್ಕೇಲು ಹಿಡಿದು ನಕ್ಷೆ ಬರೆದೆ. ಹಿತ್ತಿಲ ಕಡೆಯ ಗೋಡೆ ಒಡೆದು 4 ಅಡಿ ಮುಂದಕ್ಕೆ ಹೋಗುವುದು, ಕಟ್ಟೆಯನ್ನು ಇಂಗ್ಲಿಷಿನ 'ಯು' ಆಕಾರದಲ್ಲಿ ಮಾಡುವುದು, ಮೇಲೆಲ್ಲ ಕಪಾಟು. ಬಣ್ಣದ ಪೆನ್ಸಿಲಿನಲ್ಲಿ ಬಣ್ಣವನ್ನೂ ತುಂಬಿದೆ. ಹೆಂಡತಿಗೆ ತೋರಿಸಿದೆ. ಆಕೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಚೆನ್ನಾಗಿದೆ ರೀ. ಇದರಲ್ಲಿ ಅಡುಗೆ ಮಾಡೋರು ಯಾರು?"

ಆ ಮಾತಿನ ಮೊನೆ ಅಂದು ನನಗೆ ತಾಗಲಿಲ್ಲ. ಮರುದಿನ ಬೆಳಿಗ್ಗೆ ಸುತ್ತಿಗೆ, ಉಳಿ ಹಿಡಿದು ಹಿತ್ತಿಲ ಗೋಡೆಗೆ ಪೆಟ್ಟು ಹಾಕಲು ಶುರುಮಾಡಿದೆ. ಮೊಬೈಲಿನಲ್ಲಿ ನೋಡಿದ ವಿಡಿಯೊಗಳ ಧೈರ್ಯ. ಅರ್ಧ ಗಂಟೆಯಲ್ಲಿ ಗಾರೆ ಉದುರಿ ಇಟ್ಟಿಗೆ ಕಂಡಿತು. ಅಷ್ಟರಲ್ಲಿ ಪಕ್ಕದ ಮನೆಯ ಕೆಲಸಕ್ಕೆ ಬಂದಿದ್ದ ಮೇಸ್ತ್ರಿ ಸದ್ದು ಕೇಳಿ ಬೇಲಿ ದಾಟಿ ಓಡಿಬಂದ.

"ನಿಲ್ಸಿ ಸಾ, ನಿಲ್ಸಿ! ಈ ಗ್ವಾಡೆ ಮ್ಯಾಲೇ ಕನ ಸಾ ತಾರ್ಸಿ ಕುಂತಿರದು!"

ಮಕ್ಕಳೇ, ಇದನ್ನು ನೀವು ಮೇಜಿನ ಮೇಲೇ ಮಾಡಿ ನೋಡಬಹುದು. ಪುಸ್ತಕಗಳ ಎರಡು ಗೋಪುರ ಮಾಡಿ. ಅವುಗಳ ಮೇಲೆ ಅಡ್ಡಲಾಗಿ ಒಂದು ರಟ್ಟು ಇಡಿ. ಅದು ತಾರಸಿ. ನಡುವೆ ರಟ್ಟಿಗೆ ತಾಗದಂತೆ ಒಂದು ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ. ನಡುವಿನ ಪುಸ್ತಕ ತೆಗೆದರೆ ರಟ್ಟಿಗೆ ಏನೂ ಆಗದು. ಕೊನೆಯ ಗೋಪುರ ಎಳೆದರೆ? ನಾನು ಎಳೆಯಲು ಹೊರಟಿದ್ದು ಆ ಕೊನೆಯ ಗೋಪುರವನ್ನು. ನಮ್ಮದು ಕಂಬ-ತೊಲೆಗಳ ಮನೆಯಲ್ಲ. 9 ಇಂಚಿನ ಇಟ್ಟಿಗೆ ಗೋಡೆಗಳೇ ಭಾರ ಹೊರುವ ಹಳೆಯ ಮಾದರಿ. ಅಂಥ ಗೋಡೆಯನ್ನು ತೆಗೆಯಬೇಕಾದರೆ ಮೊದಲು ತಾರಸಿಗೆ ಆಸರೆ ಕೊಟ್ಟು, ತೊಲೆ ಕೂರಿಸಿ, ಆಮೇಲೆ ಮುಟ್ಟಬೇಕು. ಅದು ನಿವೃತ್ತ ಗುಮಾಸ್ತನ ಕೆಲಸವಲ್ಲ.

ಸುತ್ತಿಗೆ ಕೆಳಗಿಟ್ಟು, ಬೀರುವಿನಿಂದ 1988ರ ಸಾಲದ ಫೈಲು ತೆಗೆದೆ. ಮನೆಯ ನಕ್ಷೆಯ ಪ್ರತಿ ಅದರಲ್ಲಿ ಭದ್ರವಾಗಿತ್ತು. ಕಾಗದ ಎಸೆಯದ ಅಭ್ಯಾಸ ಜೀವನದಲ್ಲಿ ಒಮ್ಮೆಯಾದರೂ ಕೈಹಿಡಿಯುತ್ತದೆ. ಊರಿನ ಒಬ್ಬ ಎಂಜಿನಿಯರಿಗೆ ತೋರಿಸಿದೆ. ಅವರು ಮನೆಗೂ ಬಂದು ನೋಡಿದರು. ತಾರಸಿಯ ಭಾರ ಹಿತ್ತಿಲ ಗೋಡೆ ಮತ್ತು ಹಜಾರದ ಗೋಡೆಯ ಮೇಲಿದೆ, ಅಡುಗೆಮನೆಗೂ ಉಗ್ರಾಣಕ್ಕೂ ನಡುವಿನದು ತಾರಸಿ ಹಾಕಿದ ಮೇಲೆ ಕಟ್ಟಿದ ನಾಲ್ಕೂವರೆ ಇಂಚಿನ ಅಡ್ಡಗೋಡೆ, ಅದನ್ನು ತೆಗೆಯಬಹುದು ಎಂದರು. ಮೇಸ್ತ್ರಿ ಅಲ್ಲಿಗೂ ಒಂದು ತಿದ್ದುಪಡಿ ಸೇರಿಸಿದ. ಉಗ್ರಾಣದ ಅಟ್ಟದ ಒಂದು ತುದಿ ಆ ಅಡ್ಡಗೋಡೆಯೊಳಗೆ ಸಿಕ್ಕಿಕೊಂಡಿತ್ತು. ಗೋಡೆಗಿಂತ ಮೊದಲು ಅಟ್ಟ ಇಳಿಯಬೇಕು. ತೆಳು ಗೋಡೆಯೆಲ್ಲ ಬರೀ ಮರೆ ಎಂದು ತಿಳಿಯಬಾರದು ಎಂಬ ಪಾಠ ಅಲ್ಲಿಗೆ ಪೂರ್ತಿಯಾಯಿತು.

ಗುಂಡ್ಲುಪೇಟೆಯಲ್ಲಿ ಟೇಪು ಹಿಡಿದು

ಕೆಲಸ ಶುರುವಾಗುವ ಮೊದಲು ಒಂದು ಮದುವೆಗೆಂದು ಗುಂಡ್ಲುಪೇಟೆಗೆ ಹೋದೆವು. ಅದು ನನ್ನಾಕೆಯ ತವರು. ತೆರಕಣಾಂಬಿ ಮೇಲೆ ಹೋದರೆ ನಮ್ಮೂರಿನಿಂದ ಸುಮಾರು 35 ಕಿ.ಮೀ. ಭಾವಮೈದುನ ಹೊಸ ಮನೆ ಕಟ್ಟಿಕೊಂಡಿದ್ದಾರೆ. ಹಿಂದಿನ ಹೆಂಚಿನ ಮನೆ ಹಾಗೇ ಇದೆ, ಈಗ ಅದರಲ್ಲಿ ಅರಿಶಿನ, ಈರುಳ್ಳಿ ಮೂಟೆ ಇಡುತ್ತಾರೆ. ನನ್ನಾಕೆ ಮೊಮ್ಮಗಳ ಕೈಹಿಡಿದು ಅಲ್ಲಿನ ಹಳೆ ಅಡುಗೆಮನೆಗೆ ಕರೆದೊಯ್ದಳು. ನಾನೂ ಹಿಂದೆ ಹೋದೆ.

ಮಣ್ಣಿನ ಒಲೆ ನೆಲದಲ್ಲೇ ಇತ್ತು. ಅದರ ಪಕ್ಕದ ಗೋಡೆಯಲ್ಲಿ ಉಪ್ಪು, ಹುಣಸೆಹಣ್ಣಿಗೆ ಗೂಡು. ಎಡಕ್ಕೆ ನೀರಿನ ಗುಡಾಣ ಇಡುವ ಕಲ್ಲು. ಬಲಕ್ಕೆ ಒರಳು. ನನ್ನಾಕೆ ಒಲೆಯ ಮುಂದೆ ಕೈಯಾಡಿಸಿ ತೋರಿಸಿದಳು: "ನಮ್ಮವ್ವ ಇಲ್ಲಿ ಮಣೆ ಹಾಕ್ಕೊಂಡು ಕೂತ್ರೆ ಏಳ್ತಾನೇ ಇರಲಿಲ್ಲ. ಎಲ್ಲ ಕೈಗೇ ಸಿಕ್ತಿತ್ತು. ಹಿಟ್ಟಿನ ಪಾತ್ರೆ ಕೆಳಗಿಳಿಸಿ, ಕವೆಗೋಲಲ್ಲಿ ಅದುಮಿ ಹಿಡಿದು, ಮೇಲಿಂದ ತಿರುವೋದು."

"ಯಾವ ಮಣೆ ಅಜ್ಜಿ?"

"ಅದೇ. ನಮ್ಮನೇಲಿರೋದು."

ನಾನು ಸುಮ್ಮನೆ ನಿಂತೆ. ನಮ್ಮ ಮದುವೆಯಾದದ್ದು 1978ರಲ್ಲಿ. ಆಷಾಢಕ್ಕೆ ಹೊಸ ಸೊಸೆ ತವರಿಗೆ ಹೋಗುವುದು ಪದ್ಧತಿ. ಆದರೆ ನಮ್ಮೂರ ಚಾಮರಾಜೇಶ್ವರಸ್ವಾಮಿಯ ತೇರು ಆಷಾಢದಲ್ಲೇ. ದೂರವಿರುವ ನವದಂಪತಿಗಳು ಅಂದು ಸೇರಿ ತೇರಿಗೆ ಹಣ್ಣು-ಜವನ ಎಸೆಯುತ್ತಾರೆ. ನಾವೂ ಎಸೆದಿದ್ದೆವು. ಶ್ರಾವಣ ಹುಟ್ಟಿದ ಮೇಲೆ ಆಕೆ ಗುಂಡ್ಲುಪೇಟೆಯಿಂದ ಬರುವಾಗ ಅತ್ತೆ ಕೊಟ್ಟು ಕಳಿಸಿದ ಸಾಮಾನುಗಳಲ್ಲಿ ಈ ಮಣೆಯೂ ಇತ್ತು. ಕೂತು ಅಡುಗೆ ಮಾಡಲು ಕೊಟ್ಟ ಮಣೆಯ ಮೇಲೆ ನನ್ನ ಮನೆಯಲ್ಲಿ ಆಕೆ ನಿಂತಿದ್ದಳು.

ಜೇಬಿನಲ್ಲಿದ್ದ ಟೇಪು ತೆಗೆದೆ. ಮಣೆ ಹಾಕುತ್ತಿದ್ದ ಜಾಗದಿಂದ ಒಲೆ, ಗೂಡು, ಗುಡಾಣ, ಒರಳು ಎಲ್ಲ ಎರಡೂವರೆ ಅಡಿಯೊಳಗೆ. ಅಂದರೆ ಆಕೆಯ ತಾಯಿಯ ಒಂದು ತೋಳಿನ ಅಳತೆ.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಆ ಕೋಣೆಯ ತೊಲೆಗಳು ಇಂದಿಗೂ ಹೊಗೆಯಿಂದ ಕರ್ರಗಿವೆ. ಅತ್ತೆ ಕೊನೆಯ ದಿನಗಳಲ್ಲಿ ಕೆಮ್ಮುತ್ತಲೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಎಂಬ ಕೇಂದ್ರ ಹಳ್ಳಿಯ ಮನೆಗಳಿಗಾಗಿಯೇ ಹೊಗೆಕೊಳವೆಯಿದ್ದ, ಮೂರು ಪಾತ್ರೆ ಕೂರುವ ಒಲೆಯನ್ನು ರೂಪಿಸಿತು. 1980ರ ದಶಕದಲ್ಲಿ ಅಸ್ತ್ರ ಒಲೆ ರಾಜ್ಯದ ಹಳ್ಳಿ ಹಳ್ಳಿಗೂ ಹೋಯಿತು. ಅದರಲ್ಲೂ ಗುಟ್ಟು ಅಳತೆಯೇ. ಪಾತ್ರೆ ಒಲೆಯ ಬಾಯಿಗೆ ಸರಿಯಾಗಿ ಕೂತರೆ ಹೊಗೆ ಕೊಳವೆಯ ದಾರಿ ಹಿಡಿಯುತ್ತದೆ, ಸಂದಿ ಉಳಿದರೆ ಅಡುಗೆಯವಳ ಕಣ್ಣಿಗೆ ಬರುತ್ತದೆ.

ದೂರದ ಜರ್ಮನಿಯಲ್ಲೂ ಇದೇ ಮಾತು. 1926ರಲ್ಲಿ ಫ್ರಾಂಕ್‌ಫರ್ಟ್ ನಗರದಲ್ಲಿ ಸಾಮಾನ್ಯ ಜನರಿಗಾಗಿ ಕಟ್ಟುತ್ತಿದ್ದ ಮನೆಗಳಿಗೆ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ ಒಂದು ಅಡುಗೆಮನೆ ರೂಪಿಸಿದರು. ಅಗಲ 1.9 ಮೀಟರ್, ಉದ್ದ 3.4 ಮೀಟರ್. ಆಕೆ ರೈಲಿನ ಊಟದ ಬೋಗಿಯ ಪುಟ್ಟ ಅಡುಗೆಮನೆಯನ್ನು ಗಮನಿಸಿದರು, ಯಾವ ಕೆಲಸಕ್ಕೆ ಎಷ್ಟು ಹೊತ್ತು, ಎಷ್ಟು ಹೆಜ್ಜೆ ಬೇಕೆಂದು ಲೆಕ್ಕ ಹಾಕಿದರು. ಸುಮಾರು 10,000 ಮನೆಗಳಲ್ಲಿ ಅಂಥ ಅಡುಗೆಮನೆ ಬಂತು. ಇಂದಿನ ಮಾಡ್ಯುಲರ್ ಕಿಚನ್ನುಗಳ ಹಿರಿಯಜ್ಜಿ ಅದು. ತಮಾಷೆಯೆಂದರೆ, ಅದನ್ನು ರೂಪಿಸುವಾಗ ತನಗೆ ಅಡುಗೆಯೇ ಬರುತ್ತಿರಲಿಲ್ಲ ಎಂದು ಆಕೆಯೇ ಮುಂದೆ ಹೇಳಿಕೊಂಡರು. ಬರದವರು ಬರುವವರನ್ನು ಗಮನಿಸಿ ನೋಡಬೇಕು. ನಾನು ಬಿಟ್ಟಿದ್ದೇ ಅದನ್ನು.

ದಾರ ಹಿಡಿದ ಮೊಮ್ಮಗಳು

ಊರಿಗೆ ಬಂದ ಮೇಲೆ ಕೆಲಸವನ್ನು ಮೊಮ್ಮಗಳಿಗೆ ವಹಿಸಿದೆ. ಅವಳು ಅಡುಗೆಮನೆಯ ಚಿತ್ರವನ್ನು ರಟ್ಟಿನ ಮೇಲೆ ಬರೆದು, ಒಲೆ, ನಲ್ಲಿ, ಅಕ್ಕಿ ಡಬ್ಬ, ಉಗ್ರಾಣ, ಮಿಕ್ಸಿ ಇರುವ ಕಡೆಗಳಲ್ಲಿ ಗುಂಡುಪಿನ್ನು ಚುಚ್ಚಿದಳು. ಅಜ್ಜಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದಾಗಲೆಲ್ಲ ಉಲ್ಲನ್ ದಾರವನ್ನು ಆ ಪಿನ್ನಿನಿಂದ ಈ ಪಿನ್ನಿಗೆ ಸುತ್ತಿದಳು, ಹೆಜ್ಜೆಯನ್ನೂ ಎಣಿಸಿದಳು. ಒಂದು ಬೆಳಗಿನ ತಿಂಡಿ ಮತ್ತು ಅಡುಗೆಗೆ 386 ಹೆಜ್ಜೆ. ದಾರದಲ್ಲಿ ಅತಿ ದಪ್ಪನೆಯ ಗೆರೆ ಒಲೆಯಿಂದ ಉಗ್ರಾಣದ ಬಾಗಿಲಿಗೆ, ಎರಡನೆಯದು ಹಿತ್ತಿಲ ನಲ್ಲಿಗೆ. ನನ್ನ ಬಣ್ಣದ ನಕ್ಷೆಯಲ್ಲಿ ಈ ಎರಡೂ ಇನ್ನಷ್ಟು ದೂರವಾಗಿದ್ದವು! ಜಾಗ ಹಿಗ್ಗಿಸುವ ಭರದಲ್ಲಿ ನಡಿಗೆಯನ್ನೂ ಹಿಗ್ಗಿಸುತ್ತಿದ್ದೆ.

ಅಡ್ಡಗೋಡೆ ತೆಗೆದರೆ 56 ಚದರಡಿಯ ಅಡುಗೆಮನೆ ಸುಮಾರು 93 ಚದರಡಿಯಾಗುತ್ತದೆ. ಹೊರಗಿನ ಗೋಡೆ ಮುಟ್ಟುವುದೇ ಬೇಡ. ಹೊಸ ನಕ್ಷೆಯನ್ನು ಅಜ್ಜಿ ಹೇಳಿದಂತೆ ಮೊಮ್ಮಗಳು ಬರೆದಳು. ನಾನು ಟೇಪು ಹಿಡಿದೆ.

ಮೊದಲು ಅಳೆದದ್ದು ಗೋಡೆಯನ್ನಲ್ಲ, ಆಕೆಯನ್ನು. ಚಪ್ಪಲಿ ಬಿಟ್ಟು ನೆಟ್ಟಗೆ ನಿಂತು ಕೈ ಮಡಿಸಿದಾಗ ನೆಲದಿಂದ ಮೊಣಕೈಗೆ ಮೂವತ್ತಾರೂವರೆ ಇಂಚು. ತರಕಾರಿ ಹೆಚ್ಚುವ ಜಾಗ ಮೊಣಕೈಗಿಂತ 4ರಿಂದ 6 ಇಂಚು ತಗ್ಗಿರಬೇಕು. ಅದಕ್ಕೆ 32 ಇಂಚು ಸಾಕು. ಒಲೆ ಇಡುವ ಜಾಗ ಇನ್ನೂ ತಗ್ಗಬೇಕು, ಯಾಕೆಂದರೆ ಅಲ್ಲಿ ಒಲೆಯ ಎತ್ತರವೂ ಪಾತ್ರೆಯ ಎತ್ತರವೂ ಕೂಡುತ್ತವೆ. ಪಾತ್ರೆ ತೊಳೆಯುವ ಸಿಂಕ್ ಮಾತ್ರ ಸ್ವಲ್ಪ ಮೇಲಿರಬೇಕು, ಯಾಕೆಂದರೆ ಕೈ ಕೆಲಸ ಮಾಡುವುದು ಅದರ ಅಂಚಿನಲ್ಲಲ್ಲ, ತಳದಲ್ಲಿ. ಒಂದೇ ಮಟ್ಟದ ಕಟ್ಟೆ ಕಣ್ಣಿಗೆ ಚೆಂದ. ಬೆನ್ನಿಗೆ ಮೂರು ಮಟ್ಟ ಚೆಂದ.

ಒಲೆಯ ಕಟ್ಟೆ 26 ಇಂಚು ಇರಲಿ ಎಂದಳು ಆಕೆ. ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಒಪ್ಪಲಿಲ್ಲ. ಸಿಲಿಂಡರ್ ಯಾವಾಗಲೂ ಒಲೆಗಿಂತ ಕೆಳಗಿರಬೇಕು. 14.2 ಕಿಲೋ ಸಿಲಿಂಡರನ್ನು ಮಲಗಿಸುವಂತಿಲ್ಲ, ಬಾಗಿಸುವಂತಿಲ್ಲ. ಅಳೆದು ಸುರಿದು 28 ಇಂಚಿಗೆ ರಾಜಿಯಾಯಿತು. ಈಗ ಹಿಟ್ಟಿನ ಪಾತ್ರೆಯ ಬಾಯಿ 41 ಇಂಚಿನಲ್ಲಿದೆ. 49 ಎಲ್ಲಿ, 41 ಎಲ್ಲಿ!

ಇಪ್ಪತ್ಮೂರು ದಿನ

ಮೇ ತಿಂಗಳಲ್ಲಿ ಕೆಲಸ ಶುರುವಾಯಿತು. ಹಿತ್ತಿಲ ತೆಂಗಿನ ಮರದ ನೆರಳಲ್ಲಿ ತಗಡು ಕಟ್ಟಿ ಒಂಟಿ ಒಲೆ ಹೂಡಿದೆವು. ಮೊಮ್ಮಗಳಿಗೆ ದಿನಾ ವನಭೋಜನ.

ಅಟ್ಟವನ್ನು ಮೇಸ್ತ್ರಿ ಇಳಿಸಿದ. ಅದರ ಮೇಲಿಂದ ತಾಮ್ರದ ಹಂಡೆ, ಎರಡು ಕೊಳಗ, ನಾವು ಕಳೆದುಹೋಯಿತೆಂದು ಮರೆತಿದ್ದ ಶ್ಯಾವಿಗೆ ಒರಳು ಕೆಳಗೆ ಬಂದವು. ವಿದ್ಯುತ್ತಿನ ಫ್ಯೂಸ್ ತೆಗೆದು, ನೀರು ನಿಲ್ಲಿಸಿ, ಅಡ್ಡಗೋಡೆಯನ್ನು ನಾನು ಮುಟ್ಟಿದೆ. ಮೇಲಿನ ವರಸೆಯಿಂದ ಕೆಳಕ್ಕೆ, ಒಂದೊಂದೇ ಇಟ್ಟಿಗೆ. ಬುಡಕ್ಕೆ ಹೊಡೆದು ಬೀಳಿಸುವುದು ಸಿನಿಮಾದಲ್ಲಿ ಸರಿ. ದಿನಕ್ಕೆ ಎರಡು ಗಂಟೆ, ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ. ಐದು ದಿನಕ್ಕೆ ಗೋಡೆ ನೆಲ ಸೇರಿತು. ಹದವಾಗಿದ್ದ 200ಕ್ಕೂ ಹೆಚ್ಚು ಇಟ್ಟಿಗೆ ಉಳಿಸಿಕೊಂಡು ಅವುಗಳಲ್ಲೇ ಹೊಸ ಕಟ್ಟೆಯ ಕಾಲುಗಳನ್ನು ಕಟ್ಟಿದೆ. ರಸಮಟ್ಟ ನೋಡುವುದನ್ನು ಮೇಸ್ತ್ರಿ ಕಲಿಸಿದ. ನಾನು ಕಟ್ಟಿದ ಮೊದಲ ಕಾಲನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿದ. ಒಂದು ದಿನ ಕೈಗವಸು ಹಾಕದೆ ಹಳೆ ಟೈಲ್ಸ್ ಕೀಳಲು ಹೋಗಿ ಬೆರಳಿಗೆ ಮೂರು ಹೊಲಿಗೆ ಬಿತ್ತು. ನಲ್ಲಿ, ವಿದ್ಯುತ್, ಗ್ಯಾಸ್, ಕಲ್ಲು ಕತ್ತರಿಸುವುದು, ಈ ನಾಲ್ಕಕ್ಕೆ ನಾನು ಕೈಹಾಕಲಿಲ್ಲ.

ಹೊಗೆ, ಒಗ್ಗರಣೆಯ ಘಾಟು ಹೋಗಲು ಒಲೆಯ ಮೇಲ್ಭಾಗದಲ್ಲಿ ಎಕ್ಸಾಸ್ಟ್ ಫ್ಯಾನ್ ಬಂತು. ಪಡುವಣ ಗೋಡೆಗೆ ಬೇಡ ಎಂದ ಮೇಸ್ತ್ರಿ. ಆಷಾಢದ ಗಾಳಿ ನಮ್ಮಲ್ಲಿ ಆ ಕಡೆಯಿಂದಲೇ ನುಗ್ಗುವುದು, ಹೋದ ಹೊಗೆಯನ್ನು ತಿರುಗಿ ಒಳಗೆ ಕಳಿಸುತ್ತದೆ. ಬಡಗಣದ ಹಳೇ ಗವಾಕ್ಷಿಯಲ್ಲೇ ಕೂರಿಸಿದೆವು. ಅಡುಗೆ ಅನಿಲ ಮಾತ್ರ ಹೊಗೆಯಂತಲ್ಲ. ಅದು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಆದ್ದರಿಂದ ಸಿಲಿಂಡರ್ ಇರುವಲ್ಲಿ ಬಾಗಿಲು ಹಾಕಲಿಲ್ಲ, ಹಿತ್ತಿಲ ಬಾಗಿಲ ತಳದಲ್ಲಿ ಗಾಳಿಕಂಡಿ ಬಿಡಿಸಿದೆವು.

ನಮ್ಮೂರ ಕಲ್ಲು

ಕಟ್ಟೆಗೆ ಯಾವ ಕಲ್ಲು ಎಂಬ ಪ್ರಶ್ನೆ ಚಾಮರಾಜನಗರದವರಿಗೆ ಬರಲೇಬಾರದು. ನಮ್ಮ ಜಿಲ್ಲೆಯ ಕರಿಕಲ್ಲು ಲೋಕಪ್ರಸಿದ್ಧ. ಹೊರದೇಶಗಳ ಸ್ಮಾರಕಗಳಿಗೂ ಹೋಗುತ್ತದೆ. ವ್ಯಾಪಾರದಲ್ಲಿ ಕರಿ ಗ್ರಾನೈಟ್ ಎನ್ನುತ್ತಾರೆ. ಭೂವಿಜ್ಞಾನಿಗಳ ಲೆಕ್ಕದಲ್ಲಿ ಅದು ಗ್ರಾನೈಟ್ ಅಲ್ಲ, ಡಾಲರೈಟ್. ಭೂಮಿಯೊಳಗಿನ ಬಿರುಕುಗಳಿಗೆ ಶಿಲಾರಸ ನುಗ್ಗಿ, ತಣಿದು, ಗಟ್ಟಿಯಾದದ್ದು.

1988ರಲ್ಲಿ ನಾನು ಹಾಕಿಸಿದ್ದು ಕಡಪ ಕಲ್ಲು. ಅದೂ ಕಪ್ಪೇ. ಆದರೆ ಅದು ಸುಣ್ಣಕಲ್ಲಿನ ಜಾತಿ. ಹುಳಿ ಬಿದ್ದರೆ ತಿನ್ನುತ್ತದೆ. ನಿಂಬೆ ಹಿಂಡಿದ, ಹುಣಸೆ ಕಿವುಚಿದ ಕಡೆಗಳಲ್ಲೆಲ್ಲ ಹೊಳಪು ಹೋಗಿ ಬೂದಿ ಕಲೆ ನಿಂತಿತ್ತು. ಆಕೆ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಅದು ಕೊಳೆಯಲ್ಲ, ಕಲ್ಲೇ ಸವೆದದ್ದು ಎಂದು ಈಗ ತಿಳಿಯಿತು. ಕರಿಕಲ್ಲಿಗೆ ನಿಂಬೆಹುಳಿಯ ಭಯವಿಲ್ಲ. ಆದರೆ ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಬಿಳಿ ಬಟ್ಟೆಗೆ ಉಗುರುಬಣ್ಣ ಅಳಿಸುವ ದ್ರವ ಹಚ್ಚಿ ಕಲ್ಲಿನ ಮೇಲೆ ತಿಕ್ಕಿ. ಬಟ್ಟೆ ಕಪ್ಪಾದರೆ ಕಲ್ಲಿಗೆ ಬಣ್ಣ ಬಳಿದಿದ್ದಾರೆಂದು ಅರ್ಥ. ಕಲ್ಲಂಗಡಿಯಲ್ಲಿ ದೊಡ್ಡ ಕೆಲಸಗಳಿಂದ ಉಳಿದ ತುಂಡುಗಳನ್ನು ಕೇಳಿ. ನಮ್ಮದು ಮೂರು ಮಟ್ಟದ ಕಟ್ಟೆಯಾದ್ದರಿಂದ ತುಂಡುಗಳೇ ಸಾಕಾದವು, ಅಗ್ಗದಲ್ಲೂ ಸಿಕ್ಕವು. 20 ಮಿ.ಮೀ. ದಪ್ಪದ ಕಲ್ಲು ಚದರಡಿಗೆ ಸುಮಾರು ಐದೂವರೆ ಕಿಲೋ ತೂಗುತ್ತದೆ. 4 ಅಡಿಗೆ 2 ಅಡಿಯ ತುಂಡೆಂದರೆ 44 ಕಿಲೋ. ಒಬ್ಬರೇ ಎತ್ತುವ ಸಾಹಸ ಬೇಡ. ಬೋರ್‌ವೆಲ್ಲಿನ ಗಡಸು ನೀರು ಕರಿಕಲ್ಲಿನ ಮೇಲೆ ಒಣಗಿದರೆ ಬಿಳಿ ಕಲೆಯಾಗುತ್ತದೆ. ಕೆಲಸ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು, ಆ್ಯಸಿಡ್ ಮುಟ್ಟಿಸಬೇಡಿ.

ಲೆಕ್ಕ

ಗುಮಾಸ್ತನ ಲೇಖನದಲ್ಲಿ ಲೆಕ್ಕವಿಲ್ಲದಿದ್ದರೆ ಹೇಗೆ? ಮೇಸ್ತ್ರಿ ಮತ್ತು ಆಳಿನ 11 ದಿನದ ಕೂಲಿ 24,200 ರೂ. ಕಲ್ಲು ಮತ್ತು ಕತ್ತರಿಸಿದ ಕೂಲಿ 21,500. ಟೈಲ್ಸ್ 16,800. ಸಿಂಕ್, ನಲ್ಲಿ, ಪೈಪು 13,600. ವಿದ್ಯುತ್ ಕೆಲಸ, ಫ್ಯಾನ್ 11,700. ಸಿಮೆಂಟ್, ಮರಳು, ಸಾಲದೆ ಬಂದ ಇಟ್ಟಿಗೆ 9,400. ಬಣ್ಣ 4,300. ಒಡೆದ ಮಣ್ಣು ಸಾಗಿಸಿದ ಟ್ರ್ಯಾಕ್ಟರ್ 2,800. ಎಂಜಿನಿಯರಿಗೆ ಕೊಟ್ಟದ್ದು, ನನ್ನ ಬೆರಳಿನ ಹೊಲಿಗೆ, ಹೋಟೆಲ್ ತಿಂಡಿ ಸೇರಿ ಇತರೆ 5,450. ಒಟ್ಟು 1,09,750 ರೂ. ನನ್ನ ಅಂದಾಜು 85,000 ಇತ್ತು. ನೂರಕ್ಕೆ 29ರಷ್ಟು ಹೆಚ್ಚು. ನೀವು ಕೈಹಾಕುವುದಾದರೆ ಅಂದಾಜಿನ ಮೇಲೆ ಮೂರನೇ ಒಂದು ಭಾಗ ತೆಗೆದಿಟ್ಟೇ ಶುರುಮಾಡಿ.

ಗೃಹಪ್ರವೇಶದಂತೆ ಹಾಲುಕ್ಕಿಸಿದ ಮರುದಿನ ಮೊಮ್ಮಗಳು ಮತ್ತೆ ರಟ್ಟು, ದಾರ ಹಿಡಿದು ಕೂತಳು. ಅದೇ ತಿಂಡಿ, ಅದೇ ಅಡುಗೆ. 171 ಹೆಜ್ಜೆ. ಅಡುಗೆಮನೆ ಒಂದೂವರೆ ಪಟ್ಟಿಗಿಂತ ದೊಡ್ಡದಾಗಿದೆ, ನಡಿಗೆ ಅರ್ಧಕ್ಕಿಂತ ಕಡಿಮೆಯಾಗಿದೆ.

ಅಂದು ರಾತ್ರಿ ಆಕೆ ಹಿಟ್ಟು ತಿರುವುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಎರಡು ಪಾದವೂ ನೆಲದ ಮೇಲಿದ್ದವು. ಮುರಿದಿದ್ದ ಕೈಗೆ ಇನ್ನೂ ಪೂರ್ತಿ ಬಲ ಬಂದಿರಲಿಲ್ಲ, ಎಡಗೈಯನ್ನೂ ಕೊಟ್ಟು ಒತ್ತುತ್ತಿದ್ದಳು. ಆ ಕೈ ಇನ್ನು ಮೊದಲಿನಂತಾಗದು ಎಂದು ವೈದ್ಯರು ಹೇಳಿದ್ದಾರೆ. ಮನೆ ಕಟ್ಟಿದ ದಿನವೇ ಒಂದು ಮಾತು ಕೇಳಿದ್ದರೆ ಖರ್ಚೇ ಇಲ್ಲದೆ ಆಗುತ್ತಿದ್ದ ಕೆಲಸ ಇದು. ಈ ಬಾಕಿಯನ್ನು ನಾನು ಯಾವ ಖಾತೆಯಲ್ಲೂ ಚುಕ್ತಾ ಮಾಡಲಾರೆ.

ಹಳೆಯ ಕಡಪ ಕಲ್ಲಿನಲ್ಲಿ 3 ಅಡಿಯ ಒಂದು ತುಂಡನ್ನು ಮೂಡಣ ಗೋಡೆಗೆ, ಅದೇ 36 ಇಂಚಿನ ಎತ್ತರಕ್ಕೆ ಕೂರಿಸಿದ್ದೇವೆ. ಅದು ಹೆಂಡತಿಯ ಯೋಜನೆ. "ಅದ್ಯಾಕೆ?" ಎಂದು ಕೇಳಿದ್ದಕ್ಕೆ, "ನಿಮಗೆ. ಈರುಳ್ಳಿ ಹೆಚ್ಚೋಕೆ, ಕಾಫಿ ಬೆರೆಸೋಕೆ. ನಿಮ್ಮ ಅಳತೆದು ನಿಮಗಿರಲಿ" ಎಂದಳು. ಆರು ವಾರದಲ್ಲಿ ಕಲಿತದ್ದನ್ನು ಮರೆಯಲು ಬಿಡುವ ಅಂದಾಜು ಆಕೆಗಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಆ ಕಟ್ಟೆಯ ಮುಂದೆ ನಾನಿರುತ್ತೇನೆ.

ಮಣೆ ಈಗ ಹಿತ್ತಿಲ ಬಾಗಿಲ ಬಳಿ ಇದೆ. ಅವರೆಕಾಯಿ ಕಾಲದಲ್ಲಿ ಮೊಮ್ಮಗಳು ಬಂದರೆ ಅದರ ಮೇಲೆ ಕೂತು ಕಾಳು ಬಿಡಿಸುತ್ತಾಳೆ.

ಕೈಹಾಕುವ ಮುನ್ನ

• ಅಡುಗೆ ಮಾಡುವವರ ಜೊತೆ ಒಂದು ಪೂರ್ತಿ ದಿನ ಅಡುಗೆಮನೆಯಲ್ಲಿ ಇರಿ. ಎಲ್ಲಿ ಬಗ್ಗುತ್ತಾರೆ, ಎಲ್ಲಿ ತುದಿಗಾಲಲ್ಲಿ ನಿಲ್ಲುತ್ತಾರೆ ಎಂದು ಬರೆದುಕೊಳ್ಳಿ.

• ಅವರ ಮೊಣಕೈ ಎತ್ತರ ಅಳೆಯಿರಿ. ಹೆಚ್ಚುವ ಕಟ್ಟೆ ಅದಕ್ಕಿಂತ 4ರಿಂದ 6 ಇಂಚು ತಗ್ಗಿರಲಿ, ಒಲೆಯ ಕಟ್ಟೆ ಇನ್ನೂ ತಗ್ಗಿರಲಿ, ಸಿಂಕ್ ತುಸು ಮೇಲಿರಲಿ. ಸಿಂಕಿನ ನೀರು ಪಕ್ಕಕ್ಕೆ ಇಳಿಯದಂತೆ ಅರ್ಧ ಇಂಚಿನ ಅಂಚು ಕೊಡಿಸಿ.

• ಯಾವ ಗೋಡೆಯನ್ನೂ ತಿಳಿದವರಿಗೆ ತೋರಿಸದೆ ಮುಟ್ಟಬೇಡಿ. ಮನೆಯ ಹಳೆಯ ನಕ್ಷೆ ಹುಡುಕಿ ಇಟ್ಟುಕೊಳ್ಳಿ.

• ಒಡೆಯುವ ಮುನ್ನ ವಿದ್ಯುತ್, ನೀರು ನಿಲ್ಲಿಸಿ, ಸಿಲಿಂಡರನ್ನು ಹೊರಗೆ ಸಾಗಿಸಿ. ಕೈಗವಸು, ಕನ್ನಡಕ ಮರೆಯಬೇಡಿ.

• ನೆಲಕ್ಕೆ ನುಣುಪಿನ ಟೈಲ್ಸ್ ಬೇಡ. ಒದ್ದೆ ಕಾಲಲ್ಲಿ ನಿಂತು ನೋಡಿ ಆರಿಸಿ.

• ಗ್ಯಾಸ್ ಮತ್ತು ವಿದ್ಯುತ್ ಕೆಲಸ ಬಲ್ಲವರಿಗೇ ಬಿಡಿ.